ಬರಿಗಾಲಿನ ಒದೆ, ಕಣ್ಣು ಬಿಟ್ಟ ಹೆಡರ್: ನಮ್ಮ ಸೀಮೆಯವರಿಗೆ ಒಂದು ಫುಟ್‌ಬಾಲ್ ಚರಿತ್ರೆ

⚽ ಭಾಗ 1/9: ಫ್ರೆಂಚ್ ರಾಕ್ಸ್‌ನಿಂದ ಶುರು ಮಾಡೋಣ

ಪಾಂಡವಪುರದ ಫ್ರೆಂಡ್ಸ್‌ಗೆ ಒಂದು ಪ್ರಶ್ನೆ. ಬ್ರಿಟಿಷರ ಕಾಲದಲ್ಲಿ ನಿಮ್ಮೂರನ್ನ ಏನಂತ ಕರೀತಿದ್ರು ಗೊತ್ತಾ? ಫ್ರೆಂಚ್ ರಾಕ್ಸ್. ಹೈದರಾಲಿ ಮತ್ತು ಟಿಪ್ಪು ಸುಲ್ತಾನನ ಸೈನ್ಯದಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ರು, ಅದಕ್ಕೇ ಆ ಹೆಸರು. ನಮ್ಮೋರ ಬಾಯಲ್ಲಿ ಅದು ಹಿರೋಡೆ.

ಈಗ 1948ಕ್ಕೆ ಬನ್ನಿ. ಜುಲೈ 31, ಲಂಡನ್ ಒಲಿಂಪಿಕ್ಸ್. ಇಲ್ಫೋರ್ಡ್ ಅನ್ನೋ ಜಾಗದ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಭಾರತ ಫುಟ್‌ಬಾಲ್ ಆಡ್ತಿದೆ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿಲ್ಲ. ಎದುರಾಳಿ ಯಾರು? ಅದೇ ಫ್ರಾನ್ಸ್. ನಮ್ಮ ತಂಡದ ಬಹುತೇಕರ ಕಾಲಲ್ಲಿ ಬೂಟು ಇಲ್ಲ, ಬರಿಗಾಲು. ಮೊದಲ ಗೋಲು ಫ್ರಾನ್ಸ್‌ನದು. 70ನೇ ನಿಮಿಷದಲ್ಲಿ ಭಾರತ ಸಮ ಮಾಡಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಹೊಡೆದವರು ಸಾರಂಗಪಾಣಿ ರಾಮನ್, ನಮ್ಮ ಮೈಸೂರು ಸಂಸ್ಥಾನದ ಆಟಗಾರ.

ಕೊನೆಗೆ 2-1ರಲ್ಲಿ ನಾವು ಸೋತ್ವಿ. ಆದರೂ ಈ ಪಂದ್ಯದಲ್ಲಿ ನಮಗೆ ಕಲಿಯೋಕೆ ಒಂದು ಪಾಠ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಶಾಲಾ ಮೈದಾನಗಳಲ್ಲಿ ವಾಲಿಬಾಲ್ ಕಂಬ, ಖೋಖೋ ಕಂಬಗಳ ಮಧ್ಯೆ ಜಾಗ ಮಾಡ್ಕೊಂಡು ಫುಟ್‌ಬಾಲ್ ಒದೆಯೋ ನಮಗೆಲ್ಲ ಈ ಸೀರೀಸ್. ಶೂಟಿಂಗ್ ಮತ್ತು ಹೆಡಿಂಗ್ ಅನ್ನೋ ಎರಡು ವಿದ್ಯೆ ಹೇಗೆ ಬೆಳೆದು ಬಂದ್ವು, ನಾವು ಅವನ್ನ ಹೇಗೆ ಕಲೀಬೇಕು, ಎಲ್ಲಿ ಹುಷಾರಾಗಿರಬೇಕು ಅಂತ ನೋಡೋಣ.

⚽ ಭಾಗ 2/9: ಜ್ವರ ತಂದ ಚೆಂಡು

ಫುಟ್‌ಬಾಲ್ ನಮ್ಮ ರಾಜ್ಯಕ್ಕೆ ಬಂದಿದ್ದು ಬೆಂಗಳೂರು ಕಂಟೋನ್ಮೆಂಟಿನ ಮೂಲಕ. ಆ ಕಂಟೋನ್ಮೆಂಟ್ ಹುಟ್ಟೋಕೆ ಕಾರಣ ಶ್ರೀರಂಗಪಟ್ಟಣ!

1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಲ್ಲೇ ಬೀಡು ಬಿಟ್ಟಿತ್ತು. ಕಾವೇರಿ ನಡುವಿನ ದ್ವೀಪ, ಸುತ್ತ ನೀರು, ಗದ್ದೆ, ಸೊಳ್ಳೆ. ಸೈನಿಕರು ಮಲೇರಿಯಾ ಜ್ವರದಿಂದ ಮೇಲಿಂದ ಮೇಲೆ ಮಲಗಿದ್ರು. ಇನ್ನಿಲ್ಲಿ ಆಗಲ್ಲ ಅಂತ 1809ರ ಹೊತ್ತಿಗೆ ಸೈನ್ಯ ಬೆಂಗಳೂರಿಗೆ ಎದ್ದು ಹೋಯ್ತು. ಹಲಸೂರಿನ ಕಡೆ ದಂಡು ಪ್ರದೇಶ ಬೆಳೀತು.

ಆಗಿನ್ನೂ ಈ ಆಟಕ್ಕೆ ಲಿಖಿತ ನಿಯಮವೇ ಇರಲಿಲ್ಲ. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿ ನಿಯಮ ಬರೆದಿದ್ದು 1863ರಲ್ಲಿ. ಆಮೇಲೆ ಬ್ರಿಟಿಷ್ ರೆಜಿಮೆಂಟುಗಳು ಹೋದಲ್ಲೆಲ್ಲ ಚೆಂಡೂ ಹೋಯ್ತು. ಸೋಲ್ಜರ್‌ಗಳು ಆಡೋದನ್ನ ದಂಡಿನ ಸುತ್ತಲಿನ ಬಡ ಬೀದಿಗಳ ಹುಡುಗರು ಅಂಚಲ್ಲಿ ನಿಂತು ನೋಡಿದ್ರು. ನೋಡಿದ್ದನ್ನ ಗಲ್ಲಿಯಲ್ಲಿ ಆಡಿದ್ರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಇವೆಲ್ಲ ಹಂಗೆ ಬೆಳೆದ ಫುಟ್‌ಬಾಲ್ ಕೇರಿಗಳು. ಗೌತಮಪುರದಲ್ಲಂತೂ ಇವತ್ತಿಗೂ ಪೆಲೆಯ ಪ್ರತಿಮೆ ನಿಂತಿದೆ.

ನೋಡಿ ಕಲಿತ ಆ ಹುಡುಗರ ಮಟ್ಟ ಎಲ್ಲಿಗೆ ಮುಟ್ಟಿತು? ಮುಂಬೈಯಲ್ಲಿ 1891ರಿಂದ ರೋವರ್ಸ್ ಕಪ್ ಅಂತ ದೊಡ್ಡ ಟೂರ್ನಿ ನಡೀತಿತ್ತು. ವರ್ಷಾನುಗಟ್ಟಲೆ ಗೆದ್ದಿದ್ದೆಲ್ಲ ಬ್ರಿಟಿಷ್ ಸೈನ್ಯದ ತಂಡಗಳೇ. ಅದನ್ನ ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. 1938ರಲ್ಲಿ ಮತ್ತೊಮ್ಮೆ ಗೆದ್ದು ಅದೇನು ಅದೃಷ್ಟ ಅಲ್ಲ ಅಂತ ತೋರಿಸಿಬಿಟ್ರು.

⚽ ಭಾಗ 3/9: ಬರಿಗಾಲು ಏನು ಕಲಿಸಿತು?

ಬೂಟು ಇಲ್ಲದೆ ಆಡಿದ್ದನ್ನ ನಾವು ಬರೀ ಬಡತನದ ಕಥೆ ಥರ ಹೇಳ್ತೀವಿ. ಬಡತನ ಇತ್ತು, ನಿಜ. ಆದರೆ ಅದರ ಒಳಗೆ ಒಂದು ತಂತ್ರಾನೂ ಇತ್ತು.

ಬರಿಗಾಲಲ್ಲಿ ಹೆಬ್ಬೆರಳ ತುದಿಯಿಂದ ಚೆಂಡು ಒದ್ದು ನೋಡಿ. ಉಗುರು ಕಿತ್ತು ಬರುತ್ತೆ. ಹಾಗಾಗಿ ಬರಿಗಾಲಿನ ಆಟಗಾರ ಬೆರಳುಗಳನ್ನ ಕೆಳಕ್ಕೆ ಮಡಚಲೇಬೇಕು, ಕಾಲಿನ ಗಿಣ್ಣನ್ನ ಬಿಗಿ ಹಿಡೀಲೇಬೇಕು, ಪಾದದ ಮೇಲಿನ ಗಟ್ಟಿ ಮೂಳೆಯಿಂದಲೇ ಹೊಡೀಬೇಕು. ಶೂ ಹಾಕಿದ್ರೆ ನಾವು ಲೇಸ್ ಕಟ್ತೀವಲ್ಲ, ಆ ಜಾಗ. ಇವತ್ತು ಯಾವ ಕೋಚ್ ಹತ್ರ ಹೋದ್ರೂ ಮೊದಲನೇ ದಿನ ಹೇಳೋದು ಇದನ್ನೇ. ಬೆರಳು ಕೆಳಗೆ, ಆಂಕಲ್ ಟೈಟ್, ಲೇಸ್ ಜಾಗದಿಂದ ಹೊಡಿ. ಅವರಿಗೆ ಅದನ್ನ ಕಲಿಸಿದ್ದು ನೋವು.

ಇನ್ನೊಂದು, ಚರ್ಮಕ್ಕೆ ಚೆಂಡು ನೇರವಾಗಿ ತಾಗಿದಾಗ ಎಲ್ಲಿ ತಾಗಿತು, ಎಷ್ಟು ಜೋರು ತಾಗಿತು ಅಂತ ಕಾಲಿಗೇ ಗೊತ್ತಾಗುತ್ತೆ. ಅದಕ್ಕೇ ಆ ಕಾಲದ ನಮ್ಮ ಆಟಗಾರರು ಚಿಕ್ಕ ಪಾಸ್, ಡ್ರಿಬ್ಲಿಂಗ್‌ಗೆ ಹೆಸರಾದ್ರು. 1911ರ ಜುಲೈ 29ರಂದು ಕೋಲ್ಕತ್ತದಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನ 2-1ರಲ್ಲಿ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ, ಹನ್ನೊಂದರಲ್ಲಿ ಹತ್ತು ಜನ ಬರಿಗಾಲಲ್ಲೇ ಇದ್ರು.

ಆದರೆ ಬರಿಗಾಲನ್ನ ದೇವರು ಮಾಡೋದು ಬೇಡ. ಮಳೆ ಬಂದ ನೆಲದಲ್ಲಿ ಅದು ಜಾರುತ್ತೆ. ಎದುರಿನವನ ಸ್ಟಡ್ ತಗುಲಿದ್ರೆ ಮುಗೀತು. 1948ರ ಆ ಫ್ರಾನ್ಸ್ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ವು, ಎರಡೂ ಗೋಲಾಗಲಿಲ್ಲ. ಅದರಲ್ಲಿ ಒಂದು ಒಳಗೆ ಹೋಗಿದ್ರೂ ಇತಿಹಾಸ ಬೇರೆ ಥರ ಇರ್ತಿತ್ತು. ಹನ್ನೊಂದು ಮೀಟರ್ ದೂರ, ನಿಂತಿರೋ ಚೆಂಡು, ಎದುರಿಗೆ ಒಬ್ಬನೇ ಗೋಲ್‌ಕೀಪರ್. ಅಲ್ಲೂ ತಪ್ಪುತ್ತೆ. ಶೂಟಿಂಗ್ ಅನ್ನೋದು ಬಲದ ಕೆಲಸ ಆಗಿದ್ರೆ ಪೆನಾಲ್ಟಿ ಯಾರೂ ಮಿಸ್ ಮಾಡ್ತಿರಲಿಲ್ಲ.

⚽ ಭಾಗ 4/9: ಇನ್ನೊಂದು ಪಾಂಡವರ ಕಥೆ

ಪಾಂಡವಪುರ ಅಂದ್ರೆ ಪಾಂಡವರು, ಕುಂತಿಬೆಟ್ಟ, ಬಕಾಸುರ, ಭೀಮ. ಈ ಕಥೆ ನಮಗೆಲ್ಲ ಗೊತ್ತು. ಫುಟ್‌ಬಾಲಿನಲ್ಲೂ ಪಂಚ ಪಾಂಡವರು ಇದ್ರು ಅಂದ್ರೆ ನಂಬ್ತೀರಾ?

ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ 1949ರಿಂದ ಕೆಲವು ವರ್ಷ ಐದು ಜನ ಫಾರ್ವರ್ಡ್‌ಗಳು ಒಟ್ಟಿಗೆ ಆಡಿದ್ರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣ ಭಾರತದವರು. ಬಂಗಾಳದ ಜನ ಪ್ರೀತಿಯಿಂದ ಅವರಿಗೆ ಇಟ್ಟ ಹೆಸರು ಪಂಚ ಪಾಂಡವರು. 1949, 1950, 1951, ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯ್ತು.

ಅವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1926ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ್ರು. 1948 ಮತ್ತು 1952, ಎರಡು ಒಲಿಂಪಿಕ್ಸ್ ಆಡಿದ್ರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ರು. ಚೆಂಡನ್ನ ಕಾಲಿಗೆ ಅಂಟಿಸ್ಕೊಂಡು ಎದುರಾಳೀನ ಆಡಿಸ್ತಿದ್ದ ರೀತಿ ನೋಡಿ ಅವರನ್ನ ಹಾವಾಡಿಗ ಅಂತ ಕರೀತಿದ್ರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 10-1ರಲ್ಲಿ ಸೋತಿತು. ಚಳಿ ದೇಶ, ಬೂಟು ಹಾಕಿದ ಬಲಿಷ್ಠ ತಂಡ. ನಮ್ಮ ಆ ಒಂದು ಗೋಲು ಹೊಡೆದವರು ಇದೇ ಅಹ್ಮದ್ ಖಾನ್, ಅದೂ ಪಂದ್ಯ ಮುಗಿಯೋ ಹೊತ್ತಿಗೆ, 89ನೇ ನಿಮಿಷದಲ್ಲಿ. ಹತ್ತು ಗೋಲು ತಿಂದ ಮೇಲೂ ಹನ್ನೊಂದನೆಯದನ್ನ ತಾವೇ ಹೊಡೆಯೋಣ ಅಂತ ಓಡ್ತಿದ್ರಲ್ಲ, ಅದಕ್ಕೆ ಏನನ್ಬೇಕು!

ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. ಕಾಲ ಬದಲಾಯ್ತು. ಮುಂದಿನ ಒಲಿಂಪಿಕ್ಸ್, 1956ರ ಮೆಲ್ಬರ್ನ್‌ನಲ್ಲಿ ಭಾರತಕ್ಕೆ ನಾಲ್ಕನೇ ಸ್ಥಾನ. ಬರಿಗಾಲು ಕಲಿಸಿದ್ದನ್ನ ಬೂಟಿನ ಒಳಗೂ ಉಳಿಸಿಕೊಂಡವರ ತಂಡ ಅದು.

⚽ ಭಾಗ 5/9: ಹಾಗಾದ್ರೆ ಶೂಟ್ ಮಾಡೋದು ಹೆಂಗೆ?

ಇದನ್ನ ಸೇವ್ ಮಾಡ್ಕೊಳ್ಳಿ.

ಒಂದು, ಊರುಗಾಲು. ಒದೆಯೋ ಕಾಲಿಗಿಂತ ಊರಿ ನಿಲ್ಲೋ ಕಾಲು ಮುಖ್ಯ ಕಣ್ರೋ. ಅದು ಚೆಂಡಿನ ಪಕ್ಕ, ಒಂದು ಗೇಣು ದೂರದಲ್ಲಿ ಇರಲಿ. ಅದರ ಬೆರಳು ಯಾವ ಕಡೆ ನೋಡುತ್ತೋ ಚೆಂಡು ಸಾಮಾನ್ಯವಾಗಿ ಆ ಕಡೆಗೇ ಹೋಗುತ್ತೆ.

ಎರಡು, ಮೈ. ಎದೆ ಮತ್ತು ಮೊಣಕಾಲು ಚೆಂಡಿನ ಮೇಲೆ ಬಾಗಿರಲಿ. ಹಿಂದಕ್ಕೆ ವಾಲಿದ್ರೋ, ಚೆಂಡು ಆಕಾಶಕ್ಕೆ. ಪಕ್ಕದ ತೆಂಗಿನ ತೋಟಕ್ಕೆ ಹೋಗಿ ಹುಡುಕ್ಕೊಂಡು ಬರಬೇಕು.

ಮೂರು, ಪಾದ. ದೂರದಿಂದ ಜೋರಾಗಿ ಬೇಕಾದ್ರೆ ಲೇಸ್ ಜಾಗ. ಹತ್ತಿರದಿಂದ ಗುರಿಯಿಟ್ಟು ಬೇಕಾದ್ರೆ ಪಾದದ ಒಳಬದಿ. ಎರಡರಲ್ಲೂ ಗಿಣ್ಣು ಬಿಗಿ.

ನಾಲ್ಕು, ಕಣ್ಣು. ಒದೆಯೋ ಮುಂಚೆ ಒಮ್ಮೆ ಗೋಲ್ ನೋಡಿ. ಒದೆಯುವಾಗ ಚೆಂಡು ನೋಡಿ. ಒದ್ದ ಮೇಲೂ ಕಾಲು ಗುರಿಯ ಕಡೆಗೆ ಮುಂದುವರೀಲಿ, ಅರ್ಧಕ್ಕೆ ನಿಲ್ಲಿಸಬೇಡಿ.

ಐದು, ಎಲ್ಲಿಗೆ? ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ನಡುವೆ ನಿಂತ ಕೀಪರ್‌ಗೆ ಕಷ್ಟದ ಜಾಗ ಕೆಳಗಿನ ಮೂಲೆ. ನೆಲ ಸವರಿಕೊಂಡು ದೂರದ ಕಂಬದ ಒಳಗೆ ಹೋಗೋ ಚೆಂಡಿಗೆ ಅವನು ಇಡೀ ಮೈ ಚೆಲ್ಲಿ ಬೀಳಬೇಕು.

ಪ್ರಾಕ್ಟೀಸ್‌ಗೆ ದೊಡ್ಡ ಸ್ಟೇಡಿಯಂ ಬೇಡ. ಎರಡು ಇಟ್ಟಿಗೆ ಇಡಿ, ಮಧ್ಯೆ ನಾಲ್ಕು ಹೆಜ್ಜೆ ಜಾಗ ಬಿಡಿ. ಹತ್ತು ಹೆಜ್ಜೆ ದೂರದಿಂದ ಒಳಪಾದದಲ್ಲಿ ಹತ್ತು ಹೊಡೀರಿ. ಎಂಟು ಒಳಗೆ ಹೋದ್ರೆ ಮಾತ್ರ ಎರಡು ಹೆಜ್ಜೆ ಹಿಂದೆ ಬನ್ನಿ. ಎಡಗಾಲಲ್ಲೂ ಅಷ್ಟೇ ಲೆಕ್ಕ. ಜೋರು ಆಮೇಲೆ ತಾನೇ ಬರುತ್ತೆ. ಮೈದಾನ ಗರಸು ನೆಲ ಆಗಿದ್ರೆ, ಕೊಯ್ಲಾದ ಗದ್ದೆಯಲ್ಲಿ ಕೂಳೆ ಚುಚ್ಚೋ ಹಾಗಿದ್ರೆ, ಶೂ ಹಾಕ್ಕೊಂಡೇ ಆಡಿ. ಹಳಬರಿಗೆ ಬೇರೆ ದಾರಿ ಇರಲಿಲ್ಲ, ನಮಗೆ ಇದೆ.

⚽ ಭಾಗ 6/9: ತಲೆ ಆಟಕ್ಕೆ ಬಂದಿದ್ದು ಯಾವಾಗ?

ಶುರುವಿನಲ್ಲಿ ಫುಟ್‌ಬಾಲಲ್ಲಿ ಹೆಡರ್ ಅನ್ನೋ ಪದ್ಧತಿಯೇ ಇರಲಿಲ್ಲ. 1863ರ ಮೊದಲ ನಿಯಮಗಳಲ್ಲಿ ಗಾಳಿಯಲ್ಲಿ ಬಂದ ಚೆಂಡನ್ನ ಕೈಯಲ್ಲೇ ಹಿಡಿಯೋಕೆ ಅವಕಾಶ ಇತ್ತು! ಕೈ ಇರುವಾಗ ತಲೆ ಯಾಕೆ ಬೇಕು?

ಇಂಗ್ಲೆಂಡಿನ ಶೆಫೀಲ್ಡ್ ಊರಿನವರು ತಮ್ಮದೇ ನಿಯಮದಲ್ಲಿ ಆಡ್ತಾ ತಲೆಯಿಂದ ಚೆಂಡು ಹೊಡೆಯೋದನ್ನ ರೂಢಿ ಮಾಡ್ಕೊಂಡಿದ್ರು. 1866ರ ಮಾರ್ಚ್ 31ರಂದು ಅವರು ಲಂಡನ್ನಿನ ಬ್ಯಾಟರ್ಸಿ ಪಾರ್ಕಿಗೆ ಬಂದು ಆಡಿದಾಗ, ತಲೆಯಲ್ಲಿ ಚೆಂಡು ಹೊಡೆಯೋದನ್ನ ನೋಡಿ ಲಂಡನ್ನಿನವರಿಗೆ ನಗು ಬಂತು. ನಕ್ಕವರೇ ಆಮೇಲೆ ಕಲಿತ್ರು. ಹೊಸ ವಿದ್ಯೆಗೆ ಮೊದಲ ದಿನ ಸಿಗೋದು ಯಾವಾಗಲೂ ನಗುವೇ, ಅಲ್ವಾ?

ಆ ಕಾಲದ ಚೆಂಡು ಚರ್ಮದ್ದು. ಒಳಗೆ ಬ್ಲಾಡರ್, ಮೇಲೆ ದಪ್ಪ ಲೇಸಿನ ಹೊಲಿಗೆ. ಮಳೆ ಬಂದ್ರೆ ನೀರು ಕುಡಿದು ಭಾರ ಆಗ್ತಿತ್ತು. ಲೇಸ್ ಹಣೆಗೆ ತಗುಲಿದ್ರೆ ಗಾಯ. ಚೆಂಡಿನ ತೂಕ ಪಂದ್ಯದ ಶುರುವಿನಲ್ಲಿ 410ರಿಂದ 450 ಗ್ರಾಂ ಇರಬೇಕು ಅನ್ನೋ ಲೆಕ್ಕ 1937ರಿಂದ ಇದೆ. ಪೂರ್ತಿ ಸಿಂಥೆಟಿಕ್ ಚೆಂಡು ವಿಶ್ವಕಪ್‌ಗೆ ಬಂದಿದ್ದು 1986ರಲ್ಲಿ, ಅಡಿಡಾಸ್ ಆಜ್ಟೆಕಾ. ಅದು ನೀರು ಕುಡಿಯಲ್ಲ. ಆದರೆ ತೂಕ ಅಷ್ಟೇ ಇದೆ, ವೇಗ ಜಾಸ್ತಿಯಾಗಿದೆ. ಹಾಗಾಗಿ ಈಗಿನ ಚೆಂಡು ಸೇಫ್ ಬುಡು ಅನ್ನೋ ಮಾತು ಪೂರ್ತಿ ನಿಜ ಅಲ್ಲ.

ಹೆಡರ್‌ಗೆ ಎತ್ತರ ಇರಬೇಕು ಅಂತಾರಲ್ಲ, ಪೆಲೆಯ ಎತ್ತರ 173 ಸೆಂಟಿಮೀಟರ್ ಅಷ್ಟೇ. 1970ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿ ಎದುರು ಬ್ರೆಜಿಲ್‌ನ ಮೊದಲ ಗೋಲು ಪೆಲೆಯ ಹೆಡರ್. ಅದೇ ಟೂರ್ನಿಯಲ್ಲಿ ಇಂಗ್ಲೆಂಡ್ ಎದುರು ಅವರು ಚೆಂಡನ್ನ ಗೋಲಿನ ಮುಂದಿನ ನೆಲಕ್ಕೆ ಬಡಿಯೋ ಹಾಗೆ ಹೆಡ್ ಮಾಡಿದ್ರು. ಕೀಪರ್ ಗಾರ್ಡನ್ ಬ್ಯಾಂಕ್ಸ್ ಅದನ್ನ ತಡೆದಿದ್ದು ಇವತ್ತಿಗೂ ದಂತಕಥೆ. ಕೆಳಕ್ಕೆ ಹೊಡೆದ ಹೆಡರ್ ತಡೆಯೋದು ಅಷ್ಟು ಕಷ್ಟ ಅನ್ನೋದಕ್ಕೇ ಆ ತಡೆ ದಂತಕಥೆ ಆಗಿದ್ದು.

⚽ ಭಾಗ 7/9: ಧೈರ್ಯದ ಕಥೆ, ಅದರ ಇನ್ನೊಂದು ಮುಖ

1962ರ ಜಕಾರ್ತಾ ಏಷ್ಯನ್ ಗೇಮ್ಸ್. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ರು. ಆದರೂ ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಅವರು ಫಾರ್ವರ್ಡ್ ಆಗಿ ಕಣಕ್ಕಿಳಿದ್ರು, ಎರಡರಲ್ಲೂ ಗೋಲು ಹೊಡೆದ್ರು. ದಕ್ಷಿಣ ಕೊರಿಯಾವನ್ನ 2-1ರಲ್ಲಿ ಸೋಲಿಸಿ ಭಾರತ ಚಿನ್ನ ಗೆದ್ದಿತು. ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಅವರ ಮೇಲಿನ ಗೌರವ ಕಡಿಮೆ ಮಾಡೋ ಮಾತೇ ಇಲ್ಲ.

ಆದರೆ ಇಂಥ ಕಥೆ ಕೇಳಿ ಕೇಳಿ ತಲೆಗೆ ಪೆಟ್ಟು ಬಿದ್ರೂ ಆಡೋದೇ ಗಂಡಸ್ತನ ಅಂತ ನಾವು ಅಂದ್ಕೊಂಡುಬಿಟ್ಟಿದ್ದೀವಿ. ಇಲ್ಲಿ ಇನ್ನೊಂದು ಕಥೆ ಕೇಳಲೇಬೇಕು.

ಜೆಫ್ ಆಸ್ಟಲ್. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ಸ್ಟ್ರೈಕರ್, ಹೆಡರ್‌ಗೇ ಹೆಸರುವಾಸಿ. 2002ರಲ್ಲಿ, 59ನೇ ವಯಸ್ಸಿಗೆ, ನೆನಪಿನ ಶಕ್ತಿ ಪೂರ್ತಿ ಕಳ್ಕೊಂಡು ತೀರಿಕೊಂಡ್ರು. ವರ್ಷಗಟ್ಟಲೆ ಚೆಂಡು ಹೆಡ್ ಮಾಡಿದ್ದರಿಂದ ಮೆದುಳಿಗೆ ಹಾನಿಯಾಗಿದೆ, ಇದು ಮಾಡಿದ ಕೆಲಸದಿಂದಲೇ ಬಂದ ಕಾಯಿಲೆ ಅಂತ ಸಾವಿನ ವಿಚಾರಣೆಯಲ್ಲಿ ತೀರ್ಮಾನ ಬಂತು. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿದ್ರು. ಮೆದುಳು ಸವೆಯೋ ಕಾಯಿಲೆಗಳಿಂದ ಸಾಯೋ ಸಾಧ್ಯತೆ ಇವರಲ್ಲಿ ಬೇರೆ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಅಂತ ಕಂಡುಬಂತು.

ಪರಿಣಾಮ? ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡಿಂಗ್ ಬೇಡ ಅಂದಿತ್ತು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಸಂಸ್ಥೆಗಳು ಪ್ರೈಮರಿ ಮಕ್ಕಳ ತರಬೇತಿಯಲ್ಲಿ ಹೆಡಿಂಗ್ ಮಾಡಿಸಬಾರದು ಅಂದ್ವು. ಆ ಆಟಕ್ಕೆ ತಲೆಯನ್ನ ತಂದ ದೇಶವೇ ಮಕ್ಕಳ ತಲೆ ವಿಷಯದಲ್ಲಿ ಒಂದು ಹೆಜ್ಜೆ ಹಿಂದೆ ಇಟ್ಟಿದೆ.

⚽ ಭಾಗ 8/9: ಹೆಡರ್ ಕಲಿಯೋದಾದ್ರೆ ಹಿಂಗೆ

ಮೊದಲ ನಿಯಮ: ಐದನೇ ಕ್ಲಾಸಿನ ತಮ್ಮ, ತಂಗಿ ನಿಮ್ಮ ಜೊತೆ ಆಡೋಕೆ ಬಂದ್ರೆ ಅವರಿಗೆ ಹೆಡರ್ ಬೇಡ. ಕಾಲಲ್ಲೇ ಆಡಲಿ. ಬೇಕಾದ್ರೆ ಬಲೂನ್ ಕೊಡಿ. ಮೇಲೆ ಹೋದ ಬಲೂನನ್ನ ಹಣೆಯಿಂದ ತಟ್ಟಿದ್ರೆ ಟೈಮಿಂಗ್ ಬರುತ್ತೆ, ಪೆಟ್ಟು ಬೀಳಲ್ಲ.

ಹೈಸ್ಕೂಲು, ಕಾಲೇಜಿನವರು ಹಗುರ ಚೆಂಡಿನಿಂದ ಶುರು ಮಾಡಿ. ಫ್ರೆಂಡ್ ಮೂರು ಹೆಜ್ಜೆ ದೂರ ನಿಂತು ಕೈಯಿಂದ ಮೆಲ್ಲಗೆ ಎಸೀಲಿ.

ತಾಗಬೇಕಾದ ಜಾಗ ಹಣೆ. ಹುಬ್ಬಿನ ಮೇಲೆ, ಕೂದಲು ಶುರುವಾಗೋ ಗೆರೆಯ ಕೆಳಗೆ. ನೆತ್ತಿಗೆ ತಾಗಿದ್ರೆ ನೋವು, ಮೂಗಿಗೆ ತಾಗಿದ್ರೆ ರಕ್ತ. ಕಣ್ಣು ಬಿಟ್ಟಿರಲಿ, ಬಾಯಿ ಮುಚ್ಚಿರಲಿ. ಬಾಯಿ ತೆಗೆದ್ರೆ ನಾಲಿಗೆ ಹಲ್ಲಿಗೆ ಸಿಗುತ್ತೆ. ಕುತ್ತಿಗೆ ಬಿಗಿ, ಕೈ ಎರಡೂ ಪಕ್ಕಕ್ಕೆ ಚಾಚಿ. ಸೊಂಟದಿಂದ ಮೈಯನ್ನ ಸ್ವಲ್ಪ ಹಿಂದಕ್ಕೆ ಎಳೆದು ಮುಂದಕ್ಕೆ ಬಂದು ಹೊಡೀರಿ. ಚೆಂಡು ಬಂದು ನಿಮಗೆ ಹೊಡೀಬಾರದು, ನೀವು ಹೋಗಿ ಅದಕ್ಕೆ ಹೊಡೀಬೇಕು. ಕಣ್ಣು ಮುಚ್ಚೋರಿಗೆ ಹೆಡರ್ ಯಾಕೆ ನೋಯುತ್ತೆ ಅಂದ್ರೆ ಅವರು ಚೆಂಡಿಗೆ ಕಾಯ್ತಾ ನಿಂತಿರ್ತಾರೆ.

ಗೋಲಿಗೆ ಹೊಡೆಯೋದಾದ್ರೆ ಚೆಂಡಿನ ಮೇಲರ್ಧಕ್ಕೆ ತಾಗಿಸಿ ಕೆಳಕ್ಕೆ ಇಳಿಸಿ. ಡಿಫೆನ್ಸ್‌ನಲ್ಲಿದ್ರೆ ಕೆಳಭಾಗಕ್ಕೆ ತಾಗಿಸಿ ಮೇಲಕ್ಕೆ, ದೂರಕ್ಕೆ, ಅಂಚಿಗೆ ಕಳಿಸಿ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ವಾಲಿಬಾಲ್! ಓಡಿ ಬಂದು, ಸರಿಯಾದ ಗಳಿಗೆಗೆ ಎಗರಿ, ಚೆಂಡು ಮೇಲಿರುವಾಗಲೇ ಸ್ಮ್ಯಾಶ್ ಹೊಡೀತೀರಲ್ಲ, ಹೆಡರ್‌ಗೂ ಬೇಕಾಗಿರೋದು ಅದೇ ಲೆಕ್ಕಾಚಾರ.

ಒಂದು ಸಲಕ್ಕೆ ಐದಾರು ಹೆಡರ್ ಸಾಕು. ದಿನಾ ಬೇಡ. ತಲೆನೋವು, ತಲೆಸುತ್ತು, ವಾಂತಿ, ಕಣ್ಣು ಮಂಜು, ಹೇಳಿದ್ದು ಅರ್ಥ ಆಗದೆ ಇರೋದು, ಇದರಲ್ಲಿ ಒಂದು ಕಂಡ್ರೂ ಆಟ ಅಲ್ಲಿಗೇ ನಿಲ್ಲಿಸಿ. ಪಿಟಿ ಮೇಷ್ಟ್ರಿಗೆ, ಮನೆಯವರಿಗೆ ಹೇಳಿ, ಡಾಕ್ಟರ್ ಹತ್ರ ಹೋಗಿ. ಅವತ್ತೇ ಮತ್ತೆ ಮೈದಾನಕ್ಕೆ ಇಳೀಬೇಡಿ. ಫ್ರೆಂಡ್‌ಗೆ ಹಿಂಗಾದ್ರೆ "ಏನಾಗಲ್ಲ ಆಡ್ಲಾ" ಅನ್ನೋದು ದೋಸ್ತಿ ಅಲ್ಲ.

⚽ ಭಾಗ 9/9: 54 ವರ್ಷ, ಒಂದು ಫ್ರೀ ಕಿಕ್, ಒಂದು ಹೆಡರ್

ಸಂತೋಷ್ ಟ್ರೋಫಿ ಅಂದ್ರೆ ರಾಜ್ಯಗಳ ನಡುವಿನ ರಾಷ್ಟ್ರೀಯ ಚಾಂಪಿಯನ್‌ಶಿಪ್. ಮೈಸೂರು ತಂಡ ಅದನ್ನ 1946-47, 1952-53, 1967-68, 1968-69ರಲ್ಲಿ ಗೆದ್ದಿತ್ತು. ನಾಲ್ಕೂ ಸಲ ಫೈನಲ್‌ನಲ್ಲಿ ಸೋತಿದ್ದು ಬಂಗಾಳ! ಆಮೇಲೆ ರಾಜ್ಯದ ಹೆಸರು ಕರ್ನಾಟಕ ಆಯ್ತು, ಕಪ್ ಮಾತ್ರ ಬರಲಿಲ್ಲ.

2023ರ ಮಾರ್ಚ್ 4, ಸೌದಿಯ ರಿಯಾದ್. ಕರ್ನಾಟಕ 3, ಮೇಘಾಲಯ 2. 54 ವರ್ಷದ ಕಾಯುವಿಕೆ ಮುಗೀತು. ಮೂರನೇ ಗೋಲು ರಾಬಿನ್ ಯಾದವ್ ಹೊಡೆದ ಫ್ರೀ ಕಿಕ್.

ಹೆಡರ್ ನೋಡ್ಬೇಕಾ? 2019ರ ಮಾರ್ಚ್ 17, ಮುಂಬೈ, ಐಎಸ್‌ಎಲ್ ಫೈನಲ್. ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ, ಎಕ್ಸ್‌ಟ್ರಾ ಟೈಮ್ ಮುಗೀತಾ ಬಂದ್ರೂ ಗೋಲಿಲ್ಲ. ಡಿಮಾಸ್ ಡೆಲ್ಗಾಡೊ ಕಾರ್ನರ್ ಕಳಿಸಿದ್ರು, ಡಿಫೆಂಡರ್ ರಾಹುಲ್ ಭೇಕೆ ಹೆಡ್ ಮಾಡಿದ್ರು. ಪೆನಾಲ್ಟಿ ಶೂಟೌಟ್‌ಗೆ ಕೆಲವೇ ನಿಮಿಷ ಇದ್ದಾಗ ಕಪ್ ಬೆಂಗಳೂರಿಗೆ ಬಂತು. ಆ ತಂಡದ ಸುನಿಲ್ ಛೆಟ್ರಿಯ ಎತ್ತರ 170 ಸೆಂಟಿಮೀಟರ್ ಮಾತ್ರ. ಅವರ ಹೆಡರ್ ಗೋಲುಗಳನ್ನ ಯೂಟ್ಯೂಬ್‌ನಲ್ಲಿ ನಿಧಾನಕ್ಕೆ ನೋಡಿ. ಚೆಂಡು ಬರೋ ಮೊದಲೇ ಅವರು ಅಲ್ಲಿಗೆ ಹೊರಟಿರ್ತಾರೆ.

ರಾಮನ್‌ಗೆ ಬೂಟಿರಲಿಲ್ಲ, ಪೆಲೆಗೆ ಎತ್ತರ ಇರಲಿಲ್ಲ. ಕಾಲು ಎಲ್ಲಿ ತಾಗಬೇಕು, ತಲೆ ಯಾವಾಗ ತಾಗಬೇಕು ಅನ್ನೋದು ಗೊತ್ತಿತ್ತು. ಅದನ್ನ ಕಲಿಯೋಕೆ ದುಡ್ಡು ಬೇಡ. ಒಂದು ಚೆಂಡು, ಎರಡು ಇಟ್ಟಿಗೆ, ಸಂಜೆ ಒಂದು ಗಂಟೆ ಸಾಕು. ಮತ್ತೆ, ತಲೆಗೆ ಪೆಟ್ಟು ಬಿದ್ದಾಗ ಆಟ ಬಿಟ್ಟು ಹೊರಗೆ ಬರೋ ಬುದ್ಧಿ.

ನಿಮ್ಮ ತಾಲ್ಲೂಕಿನಲ್ಲಿ ಫುಟ್‌ಬಾಲ್ ಎಲ್ಲಿ ಆಡ್ತಾರೆ? ಕೆ.ಆರ್.ಪೇಟೆ, ನಾಗಮಂಗಲದವರು ಮೊದಲು ಹೇಳಿ. ಹುಡುಗಿಯರ ತಂಡ ಇದ್ರೆ ತಪ್ಪದೇ ಹೇಳಿ. ಭಾಗ 5 ಮತ್ತು 8ನ್ನ ನಿಮ್ಮ ಟೀಮಿನ ಗ್ರೂಪ್‌ಗೆ ಕಳಿಸಿ.

#ನಮ್ಮಫುಟ್‌ಬಾಲ್ #ಮಂಡ್ಯ #ಶ್ರೀರಂಗಪಟ್ಟಣ #ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ #ಆಟದಚರಿತ್ರೆ